ಜಮಖಾನದ ಕೆಳಗಿನ ಮಣೆಗಳು

ನಮ್ಮೂರಿನ ದನಿಯವರು ಮಾತಾಡಿದರೆ ಅದು ಕೇಳಿಸುವುದು ಕಿವಿಗಲ್ಲ, ಎದೆಗೆ. ಕಚೇರಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಅವರು ‘ನಾಳೆ ಕೆರೆ ಏರಿಯ ಮೇಲೆ ಗಾಡಿ ಹೊಡೆಯಬೇಡಿ’ ಅಂದರೆ ಸಾಕು, ನಲವತ್ತೊಂದು ಬೀದಿಗಳಲ್ಲಿ ರೊಟ್ಟಿ ತಟ್ಟುತ್ತಿದ್ದವರು, ಕ್ಷೌರಕ್ಕೆ ಕೂತವರು, ಮಗುವಿಗೆ ಹಾಲು ಕುಡಿಸುತ್ತಿದ್ದವರು ಎಲ್ಲರೂ ಒಂದು ಗಳಿಗೆ ಕೈ ನಿಲ್ಲಿಸುತ್ತಾರೆ. ಹುಟ್ಟುಕಿವುಡರಿಗೂ ಕೇಳಿಸುತ್ತದೆ. ಅದೇ ಎರಡನೇ ಮೆಟ್ಟಿಲಲ್ಲಿ ನಿಂತು ಕಿರುಚಿದರೂ ಎದುರು ಅಂಗಡಿಯವನು ತಲೆ ಎತ್ತುವುದಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಒಬ್ಬ ದನಿಯವರು ಮರೆತು ಮೂರನೇ ಮೆಟ್ಟಿಲ ಮೇಲೆ ನಿಂತುಕೊಂಡೇ ಹೆಂಡತಿಯನ್ನು ಬೈದು, ಅವತ್ತು ಮಧ್ಯಾಹ್ನ ಊರಿನ ಅರ್ಧ ಹೆಂಗಸರು ಗಂಟುಮೂಟೆ ಕಟ್ಟಿ ತವರಿಗೆ ಹೊರಟುಬಿಟ್ಟರಂತೆ. ಆಮೇಲೆ ಆ ಮೆಟ್ಟಿಲಿಗೆ ಕೆಂಪು ಬಣ್ಣ ಬಳಿದರು.

ಈ ದನಿ ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ. ಸಭೆ ಕೊಟ್ಟರೆ ಉಂಟು, ಸಭೆ ವಾಪಸು ತೆಗೆದುಕೊಂಡರೆ ಇಲ್ಲ. ಒಂದೊಂದು ಬೀದಿಯೂ ಒಬ್ಬೊಬ್ಬರನ್ನು ಆರಿಸಿ, ಬೀದಿಯ ಹೆಸರು ಕೆತ್ತಿದ ಹಲಸಿನ ಮಣೆಯೊಂದನ್ನು ಅವರ ಕೈಗೆ ಕೊಡುತ್ತದೆ. ಹಳೆಯ ಹತ್ತಿ ಗೋದಾಮಿನಲ್ಲಿ ಆ ನಲವತ್ತೊಂದು ಮಣೆಗಳ ಮೇಲೆ ನಲವತ್ತೊಂದು ಜನ ಕೂರುತ್ತಾರೆ, ದನಿಯವರೂ ಅವರಲ್ಲೊಬ್ಬರು. ಮಣೆ ನೆಟ್ಟಗಿದ್ದರೆ ದನಿಯವರ ಮೇಲೆ ನಂಬಿಕೆ ಇದೆ ಅಂತ. ಮಗುಚಿ ಹಾಕಿ ಎದ್ದು ನಿಂತರೆ ಇಲ್ಲ ಅಂತ. ಇಪ್ಪತ್ತೊಂದು ಮಣೆ ಮಗುಚಿದರೆ ಆ ಗಳಿಗೆಯಲ್ಲೇ ದನಿ ಹೋಗುತ್ತದೆ. ಸಭೆಗೆ ಮಾತ್ರ ತನ್ನದೇ ದನಿ ಇಲ್ಲ. ನಾವಷ್ಟೂ ಜನ ಗಂಟಲು ಹರಿದುಕೊಂಡರೂ ಊರಿನ ಒಂದು ಅಗುಳಿ ಸರಿಯುವುದಿಲ್ಲ. ಇನ್ನು ದನಿಯವರು ಕೆಂಪು ಮೆಟ್ಟಿಲಿಂದ ‘ಸಭೆ ಮುರಿದೆ’ ಅಂದುಬಿಟ್ಟರೆ ನಾವೆಲ್ಲ ಮಣೆ ಹೊತ್ತು ಮನೆಗೆ ನಡೆಯಬೇಕು, ಬೀದಿಗಳು ಮತ್ತೆ ಆರಿಸಬೇಕು, ಅದಕ್ಕೊಂದು ತಿಂಗಳು.

ನಾನು ಚಿಕ್ಕತಾಯಮ್ಮ, ಮಡಿವಾಳರ ಬೀದಿಯ ಮಣೆಯವಳು. ನಲವತ್ತು ದಾಟುವವರೆಗೆ ಬಟ್ಟೆಗೆ ಹಾಕುವ ಗುರುತು ಬಿಟ್ಟರೆ ನನಗೆ ಬೇರೆ ಅಕ್ಷರ ಗೊತ್ತಿರಲಿಲ್ಲ. ನಿರ್ವಾಣಯ್ಯ ಮೇಷ್ಟ್ರು ಸಂಜೆ ಹೊತ್ತು ಹೊಳೆದಂಡೆಗೆ ಬಂದು, ಒಗೆಯುವ ಕಲ್ಲಿನ ಮೇಲೆ ಇದ್ದಿಲಲ್ಲಿ ಬರೆದು, “ತಿದ್ದು ತಾಯಮ್ಮ” ಅನ್ನುತ್ತಿದ್ದರು. ನೀರು ಚಿಮ್ಮಿ ಅಕ್ಷರ ಅಳಿದರೆ ಮತ್ತೆ ಬರೆಯುತ್ತಿದ್ದರು. ಬೇಸರ ಅನ್ನುವುದು ಆ ಮನುಷ್ಯನ ಮೈಯಲ್ಲೇ ಇರಲಿಲ್ಲ. ನಾನು ಈಗ ಬರೆಯುತ್ತಿರುವ ಈ ಸಾಲೂ ಅವರ ದಯೆಯೇ. ನಮ್ಮ ಬೀದಿ ನನಗೆ ಮಣೆ ಕೊಟ್ಟ ವರ್ಷವೇ ಸಭೆ ಅವರಿಗೆ ದನಿ ಕೊಟ್ಟಿತು. ಮೊದಲ ಮಣೆ ನೆಟ್ಟಗಿಟ್ಟವಳು ನಾನು. ಹನ್ನೊಂದು ವರ್ಷ ಅವರು ದನಿಯವರಾಗಿದ್ದರು, ಚೆನ್ನಾಗಿಯೇ ಇದ್ದರು. ಬೀದಿ ಬೀದಿಗೆ ನಲ್ಲಿ ಬಂತು, ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲು ಬಂತು.

ಆ ಮೊದಲ ವರ್ಷದಲ್ಲಿ ನಾನೊಂದು ದೊಡ್ಡ ಉಪಕಾರವನ್ನೂ ಮಾಡಿದೆ. ಸಭೆಗೆ ಬರುವಾಗ ಮಣೆಯನ್ನು ಮನೆಯಿಂದ ಹೊತ್ತು ತರಬೇಕು, ಮುಗಿದ ಮೇಲೆ ಹೊತ್ತು ಹೋಗಬೇಕು ಅನ್ನುವುದು ಪದ್ಧತಿ. ವಯಸ್ಸಾದವರು ಏದುಸಿರು ಬಿಡುತ್ತಿದ್ದರು. ನಾನೇ ಹೇಳಿದೆ, ಇಲ್ಲೇ ಬಿಟ್ಟು ಹೋಗಿ, ಯಾರು ಕದೀತಾರೆ ಅಂತ. ಹಲಸಿನ ಮರ ಗಟ್ಟಿ, ಕೂತವರ ಮಂಡಿ ಹಿಡಿಯುತ್ತಿತ್ತು. ಅದಕ್ಕೂ ನಾನೇ ದಾರಿ ಹುಡುಕಿದೆ. ಗೋದಾಮಿನ ಅಟ್ಟದಲ್ಲಿದ್ದ ಒಂದು ಭಾರಿ ಜಮಖಾನವನ್ನು ಒಗೆದು ತಂದು ಮಣೆಗಳ ಮೇಲೆಲ್ಲ ಹಾಸಿದೆ. ಎಲ್ಲರೂ ಹಾಯಾಗಿ ಕೂತರು. ಸಭೆ ನಡೆಸುವ ಪದ್ಮರಾಜಯ್ಯನವರಂತೂ ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಹರಸಿದರು. ಬಳೆಗಾರರ ಬೀದಿಯ ಹಯಾತ್‌ಬಿ ಒಬ್ಬಳೇ ಮೂಗು ಮುರಿದದ್ದು. “ಚೆನ್ನಾಗೈತೆ ಕಣಮ್ಮ. ಆದ್ರೆ ಕಾಣದೆ ಇರೋ ಮಣೇನ ಮಗುಚೋದು ಹೆಂಗೆ?” ಅಂದಳು. ಮೇಷ್ಟ್ರಿಗೆ ದನಿ ಕೊಡುವಾಗ ಮಣೆ ಮಗುಚಿ ನಿಂತಿದ್ದವಳು ಅವಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಹನ್ನೊಂದನೇ ವರ್ಷದ ಬೇಸಿಗೆಯಲ್ಲಿ ಊರಿಗೆ ಒಂದು ಜ್ವರ ಬಂತು. ಮೈ ಸುಡುತ್ತಿತ್ತು, ಮೂರನೇ ದಿನ ತೋಳಿನ ಮೇಲೆ ಕೆಂಪು ಚುಕ್ಕೆ ಏಳುತ್ತಿದ್ದವು. ನಮ್ಮ ಬೀದಿಯಲ್ಲಿ ಒಂದೇ ವಾರದಲ್ಲಿ ಏಳು ಮನೆಯವರು ಮಲಗಿದರು. ಅವತ್ತು ಬೆಳಗ್ಗೆ ನಾನು ಕೋಟೆ ಬೀದಿಯಲ್ಲಿ ಮಡಿಸಿದ ಬಟ್ಟೆ ಕೊಡುತ್ತಿದ್ದೆ. ಎದೆಯಲ್ಲಿ ಮೇಷ್ಟ್ರ ದನಿ ಬಂತು. “ಮಡಿವಾಳರ ಬೀದಿಯನ್ನು ಮುಚ್ಚಿದ್ದೇನೆ. ಒಳಗಿನವರು ಹೊರಗೆ ಬರಬೇಡಿ, ಹೊರಗಿನವರು ಒಳಗೆ ಹೋಗಬೇಡಿ.” ನಾನು ತಲೆದೂಗಿದೆ. ಸರಿಯಾದ ಮಾತು, ಜ್ವರ ಇರುವ ಬೀದಿಯನ್ನು ಮುಚ್ಚಬೇಕಾದ್ದೇ ಅಂದುಕೊಂಡೆ. ಹತ್ತು ಹೆಜ್ಜೆ ನಡೆದ ಮೇಲೆ ಹೊಳೆಯಿತು, ಅದು ನನ್ನ ಬೀದಿ.

ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಊರಿನಲ್ಲಿ ಅಪ್ಪಣೆ ಹೊರಗಿನಿಂದ ಬರುತ್ತದೆ, ಕೇಳಿದವನು ಒಪ್ಪುತ್ತಾನೆ ಇಲ್ಲವೇ ಗೊಣಗುತ್ತಾನೆ. ನಮಗೆ ಎದೆಯೊಳಗಿನಿಂದಲೇ ಕೇಳಿಸುತ್ತದೆ. ಹನ್ನೊಂದು ವರ್ಷ ಒಂದೇ ದನಿ ಕೇಳಿದ ಮೇಲೆ ಅದು ಅವರ ಮಾತೋ ನಮ್ಮ ಮನಸ್ಸೋ ಅನ್ನುವುದೇ ತಿಳಿಯದೆ ಹೋಗಿತ್ತು.

ನಾನು ಓಡಿ ಹೋಗುವಷ್ಟರಲ್ಲಿ ಬೀದಿಯ ಬಾಯಿಗೆ ಮುಳ್ಳಿನ ಬೇಲಿ ಹಾಕಿ ಆಗಿತ್ತು. ಬೇಲಿಯ ಆಚೆ ನನ್ನ ಮಗಳು ಮುದ್ದಮ್ಮ, ಒಂಬತ್ತು ತಿಂಗಳ ಬಸುರಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಈಚೆ ನಾನು, ಕಂಕುಳಲ್ಲಿ ಯಾರದೋ ಮನೆಯ ಪಂಚೆಗಳು. ಸೂಲಗಿತ್ತಿ ಈರಕ್ಕನ ಮನೆಯಲ್ಲಿ ಉಳಿದುಕೊಂಡೆ. ದಿನಾ ಬೇಲಿಯ ಹತ್ತಿರ ಹೋಗಿ ಬರುತ್ತಿದ್ದೆ. ಊರಿಗೆ ಊರೇ ಕೊಳೆ ಬಟ್ಟೆಯಲ್ಲಿ ಓಡಾಡತೊಡಗಿತು. ಐದನೇ ದಿನಕ್ಕೆ ಮದುಮಗನೊಬ್ಬ ಹಿಂದಿನ ವಾರದ ಅಂಗಿಯಲ್ಲೇ ಧಾರೆಗೆ ನಿಂತ.

ಒಂಬತ್ತನೇ ದಿನ ಬೆಳಗ್ಗೆ ಅಳಿಯ ನಿಂಗಯ್ಯ ಬೇಲಿಯಾಚೆಯಿಂದ ಕೂಗಿದ, “ಅತ್ತೆ, ನೋವು ಸುರುವಾಗೈತೆ. ಈರಕ್ಕನ್ನ ಕರ್ಕೊಂಡು ಬನ್ನಿ.” ಈರಕ್ಕ ತನ್ನ ಚೀಲ ಹಿಡಿದು ನನ್ನ ಜೊತೆಗೇ ಬಂದಳು. ಕಾವಲಿನ ರುದ್ರ ಬೇಲಿಗೆ ಅಡ್ಡ ನಿಂತ. ಚಿಕ್ಕಂದಿನಲ್ಲಿ ನನ್ನ ಮನೆಯಲ್ಲಿ ಉಂಡು ಬೆಳೆದವನು. ಕಣ್ಣಲ್ಲಿ ನೀರು ತುಂಬಿಕೊಂಡೇ, “ದೊಡ್ಡಮ್ಮ, ದನಿ ಬಂದ್ರೆ ಬಿಡ್ತೀನಿ. ಬರದೆ ನಾನು ಹೆಂಗೆ ಬಿಡ್ಲಿ?” ಅಂದ.

ಮೇಷ್ಟ್ರ ಮನೆಗೆ ಓಡಿದೆ. ಅವರು ಸಭೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. ಕಾಲು ಹಿಡಿದೆ. ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ ತಾಯಮ್ಮ. ಆಮೇಲೆ ಬೇಲಿ ಇದ್ದೂ ಇಲ್ಲದ ಹಾಗೆ. ಊರು ಉಳೀಬೇಕಲ್ಲ?”

“ನನ್ನ ಮಗಳೂ ಊರಿನವಳೇ ಅಲ್ವಾ ಮೇಷ್ಟ್ರೇ?”

ಅವರು ನನ್ನ ಮುಖ ನೋಡಲಾರದೆ ಬೀದಿಯ ಕಡೆ ತಿರುಗಿದರು. “ನಾನು ಸರಿ ಅಂದುಕೊಂಡೇ ಮಾಡಿದ್ದು. ತಪ್ಪು ಅಂತ ನಿನಗೆ ಅನ್ನಿಸಿದ್ರೆ ಅದನ್ನ ಕೇಳೋ ಜಾಗ ನನ್ನ ಮನೆ ಬಾಗಿಲಲ್ಲ” ಅಂದು ಗೋದಾಮಿನ ಕಡೆ ಕೈ ತೋರಿಸಿದರು. ಆಗ ನನಗೆ ಕೋಪ ಬಂತು. ಇವರು ಜಾರಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅವರು ನನಗೆ ಕೊನೆಯ ಪಾಠ ಹೇಳಿಕೊಟ್ಟರು ಅನ್ನುವುದು ಅರ್ಥವಾಗಲು ಮಧ್ಯಾಹ್ನ ಆಗಬೇಕಾಯಿತು.

ಸಭೆ ಸೇರಿತು. ನಲವತ್ತೊಂದು ಕೊಳಕು ಅಂಗಿ, ಕೊಳಕು ಸೀರೆ. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿ ಎದ್ದು ಪ್ರಶ್ನೆ ಕೇಳಿದವಳೇ ಅಲ್ಲ, ಎಲ್ಲದಕ್ಕೂ ಹೂಂ ಅಂದವಳು. ಅವತ್ತು ಎದ್ದು ನಿಂತೆ.

“ದನಿಯವರನ್ನ ಒಂದು ಮಾತು ಕೇಳ್ತೀನಿ. ಜ್ವರ ಮೊದ್ಲು ಬಂದಿದ್ದು ಯಾವ ಬೀದೀಲಿ?”

ಮೇಷ್ಟ್ರು ಎದ್ದರು. ಸಭೆ ಕೇಳಿದ್ದಕ್ಕೆ ದನಿಯವರು ಉತ್ತರ ಕೊಡಲೇಬೇಕು, ಸುಳ್ಳು ಹೇಳಬಾರದು. “ಕಚೇರಿ ಬೀದೀಲಿ” ಅಂದರು.

“ಮತ್ತೆ ನಮ್ಮ ಬೀದಿಗೆ ಹೆಂಗೆ ಬಂತು?”

“ಬಟ್ಟೆ ಜೊತೆ ಬಂದಿರಬೇಕು.”

“ಕಚೇರಿ ಬೀದಿ ಯಾಕೆ ಮುಚ್ಚಲಿಲ್ಲ?”

“ಮುಚ್ಚಿದ್ರೆ ಊರಿನ ಕೆಲಸ ನಿಂತುಹೋಗುತ್ತೆ ಅಂತ.”

“ನಮ್ಮದನ್ನ ಮುಚ್ಚಿದ್ರೆ ನಿಂತಿಲ್ವಾ?” ಅಂದೆ. ಎಲ್ಲರೂ ತಂತಮ್ಮ ಅಂಗಿಯ ಕೊರಳುಪಟ್ಟಿ ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. “ನಿಮ್ಮ ಜ್ವರದ ಬಟ್ಟೆ ಒಗೆದು ನಮ್ಮೋರು ಮಲಗಿದ್ದಾರೆ. ಈಗ ಹೆರೋಳ ಹತ್ರ ಸೂಲಗಿತ್ತಿ ಹೋಗಂಗಿಲ್ಲ. ಬೆಳಗ್ಗಿಂದ ನನ್ನ ಮಗಳು ಒಬ್ಬಳೇ ನೋವು ತಿಂತಾ ಅವಳೆ. ಮೇಷ್ಟ್ರೇ, ನೀವು ನನಗೆ ಅಕ್ಷರ ಕೊಟ್ಟೋರು. ಆದ್ರೂ ಹೇಳ್ತೀನಿ, ನಾನು ಮಣೆ ಮಗುಚ್ತೀನಿ.”

ಹೇಳಿದ್ದೇನೋ ಹೇಳಿದೆ. ಮಗುಚಬೇಕಾದರೆ ಮಣೆ ಕೈಗೆ ಸಿಗಬೇಕಲ್ಲ! ಅದು ನನ್ನದೇ ಜಮಖಾನದ ಕೆಳಗೆ, ಜಮಖಾನದ ಮೇಲೆ ನಲವತ್ತು ಜನ. ಅಂಚು ಹಿಡಿದು ಎಳೆದೆ. ಒಂದು ಗೇಣೂ ಮೇಲೆ ಬರಲಿಲ್ಲ. ಯಾರೂ ಏಳಲಿಲ್ಲ. ಕೆಟ್ಟವರಾಗಿ ಅಲ್ಲ, ಎದ್ದರೆ ಮಗುಚುವ ಕಡೆಯವರು ಅಂದುಕೊಂಡಾರು ಅನ್ನುವ ಅಂಜಿಕೆ. ಹಯಾತ್‌ಬಿ ಎದ್ದು ಬಂದು ನನ್ನ ಪಕ್ಕ ಅಂಚು ಹಿಡಿದಳು. ‘ನಾನು ಅವತ್ತೇ ಹೇಳಿದ್ದೆ’ ಅಂತ ಅವಳು ಹೇಳಬಹುದಿತ್ತು. ಹೇಳಲಿಲ್ಲ. ಇಬ್ಬರೂ ಎಳೆದೆವು. ಆಗಲೂ ಬರಲಿಲ್ಲ.

ಹಿಂದಿನ ಸಾಲಿನಿಂದ ಯಾರೋ, “ಮೇಷ್ಟ್ರೇ, ಯಾಕೆ ಸುಮ್ನಿದ್ದೀರಿ? ಹೋಗಿ ಸಭೆ ಮುರಿದುಬಿಡಿ” ಅಂದರು. ಕೆಂಪು ಮೆಟ್ಟಿಲು ಅಲ್ಲಿಂದ ಇಪ್ಪತ್ತು ಹೆಜ್ಜೆ. ಎರಡು ಪದ ಹೇಳಿದರೆ ಮುಗಿಯಿತು, ಒಂದು ತಿಂಗಳು ಯಾರ ಮಣೆಯೂ ಅವರನ್ನು ಮುಟ್ಟುವಂತಿರಲಿಲ್ಲ. ಮೇಷ್ಟ್ರು ಎದ್ದರು. ಬಾಗಿಲ ಕಡೆ ನಡೆದರು. ಮುದ್ದಮ್ಮನ ಕತೆ ಮುಗಿಯಿತು ಅಂದುಕೊಂಡೆ.

ಬಾಗಿಲ ಹತ್ತಿರ ಜಮಖಾನದ ಇನ್ನೊಂದು ತುದಿ ಇತ್ತು. ಅವರು ಅಲ್ಲಿ ನಿಂತರು, ಪಂಚೆ ಎತ್ತಿ ಕಟ್ಟಿದರು, ಬಗ್ಗಿ ಅಂಚು ಹಿಡಿದರು. “ಎಲ್ಲರೂ ಏಳಿ” ಅಂದರು. “ನೀವು ಕೊಟ್ಟ ದನಿ ಇದು. ನೀವು ಬೇಕು ಅಂತ ಕೊಡ್ತಾ ಇದ್ದೀರೋ, ತೆಗೆಯೋಕೆ ಆಗದೆ ಬಿಟ್ಟಿದ್ದೀರೋ, ನನಗೂ ಗೊತ್ತಾಗಲಿ. ಹೂಂ, ಎತ್ತು ತಾಯಮ್ಮ.”

ಎಲ್ಲರೂ ಎದ್ದರು. ಜಮಖಾನ ಮೇಲೆದ್ದಿತು. ಹನ್ನೊಂದು ವರ್ಷದ ಧೂಳು ಎದ್ದು ಕೆಮ್ಮಿದೆವು. ಕೆಳಗೆ ಮಣೆಗಳು ಗುರುತೇ ಸಿಗದ ಹಾಗಿದ್ದವು. ಕೆಲವಕ್ಕೆ ಗೆದ್ದಲು ಹಿಡಿದು ಬೀದಿಯ ಹೆಸರೇ ಹೋಗಿತ್ತು. ಜನ ಮೊಣಕಾಲೂರಿ ತಮ್ಮ ತಮ್ಮ ಬೀದಿಯನ್ನು ಬೆರಳಲ್ಲಿ ತಡವಿ ಹುಡುಕಿದರು. ಪದ್ಮರಾಜಯ್ಯನವರು ತಮ್ಮ ಮಣೆ ಸಿಕ್ಕಾಗ ಮಗುವಿನ ಹಾಗೆ ಎದೆಗೆ ಅವುಚಿಕೊಂಡರು. ನನ್ನದು ಸಿಕ್ಕಿತು. ಮಗುಚಿದೆ. ಅತ್ತುಬಿಟ್ಟೆ. ಹಯಾತ್‌ಬಿ ಮಗುಚಿದಳು. ಆಮೇಲೆ ಅಲ್ಲೊಂದು, ಇಲ್ಲೊಂದು. ಮೇಷ್ಟ್ರು ತಮ್ಮ ಮಣೆಯ ಧೂಳು ಒರೆಸಿ, ನೆಟ್ಟಗಿಟ್ಟು, ಅದರ ಮೇಲೆ ಕೂತರು. “ನಾನು ಮಾಡಿದ್ದು ಸರಿ ಅಂತಲೇ ನನಗೆ ಈಗಲೂ ಅನ್ನಿಸ್ತಿದೆ. ನಾನು ಮಗುಚಲ್ಲ” ಅಂದರು. ಅವರ ಮೇಲಿನ ಗೌರವ ನನಗೆ ಆ ಮಾತಿನಿಂದ ಇನ್ನೂ ಹೆಚ್ಚಿತು.

ಪದ್ಮರಾಜಯ್ಯನವರು ಎಣಿಸಿದರು. ಇಪ್ಪತ್ತೆರಡು ಮಗುಚಿದ್ದವು. ಎದೆಯೊಳಗೆ ಏನೋ ನಿಂತ ಹಾಗಾಯಿತು, ದಿನವಿಡೀ ಓಡುತ್ತಿದ್ದ ಹಿಟ್ಟಿನ ಗಿರಣಿ ನಿಂತಾಗ ಆಗುವ ಹಾಗೆ. “ಎಷ್ಟಾಯ್ತು?” ಅಂತ ಯಾರೋ ಕೇಳಿದರು. ಸಣ್ಣ, ಒಡಕು ದನಿ. ತಿರುಗಿ ನೋಡಿದರೆ ಮೇಷ್ಟ್ರು.

ನಾನು ಬೇಲಿಯ ಕಡೆ ಓಡಿದೆ. “ರುದ್ರ, ಹಳೇ ದನಿ ಹೋಯ್ತು, ಬಿಡಪ್ಪ” ಅಂದೆ. “ಹೋಗಿದ್ದು ನನ್ನ ಎದೆಗೂ ಗೊತ್ತಾಯ್ತು ದೊಡ್ಡಮ್ಮ. ಆದ್ರೆ ಮುಚ್ಚು ಅಂದಿದ್ದ ದನೀನೇ ಕಡೇದು. ತೆಗಿ ಅನ್ನೋ ದನಿ ಎಲ್ಲಿ?” ಅಂದ. ನಿಜವೇ. ಕಿತ್ತುಕೊಳ್ಳುವುದು ನಮ್ಮ ಕೈಯಲ್ಲಿತ್ತು. ಒಂದು ಮುಳ್ಳಿನ ಕೊಂಬೆ ಸರಿಸುವುದು ನಮ್ಮ ಕೈಯಲ್ಲಿರಲಿಲ್ಲ. ಬೇಲಿಯ ಆಚೆ ಮುದ್ದಮ್ಮ ಕೂಗಿದ್ದು ಕೇಳಿಸಿತು. ಬಂದ ದಾರಿಯಲ್ಲೇ ಮತ್ತೆ ಓಡಿದೆ, ಅರವತ್ತರ ಹತ್ತಿರದ ಕಾಲು ಅವತ್ತು ಹೇಗೆ ಓಡಿತೋ.

ಗೋದಾಮಿನಲ್ಲಿ ಸಂತೆ ನೆರೆದಿತ್ತು. ದನಿ ತಮಗೆ ಬೇಕು ಅಂತ ಆಗಲೇ ಆರು ಜನ ಎದ್ದು ನಿಂತಿದ್ದರು. ನಾನು ಬಾಗಿಲಲ್ಲಿ ಕುಸಿದು ಕೂತೆ. ಆ ಗಲಾಟೆಯ ನಡುವೆ ಮೇಷ್ಟ್ರು ಎದ್ದು ಏನೋ ಹೇಳಿದರು, ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಮೂರನೇ ಸಲ ಕೈ ಎತ್ತಿ, ಪದ್ಮರಾಜಯ್ಯನವರ ಅಪ್ಪಣೆ ಪಡೆದು, ಎಲ್ಲರ ಹಾಗೆ ತಮ್ಮ ಸರದಿಯಲ್ಲಿ ಮಾತಾಡಿದರು. “ಅಲ್ಲೊಬ್ಬಳು ಹೆರಿಗೆ ನೋವಲ್ಲಿದ್ದಾಳೆ, ಇಲ್ಲಿ ನೀವು ಜಗಳ ಆಡ್ತಾ ಇದ್ದೀರಿ. ಹಯಾತ್‌ಬಿಗೆ ಕೊಡಿ. ನನ್ನ ಒಂದೊಂದು ತಪ್ಪನ್ನೂ ಹನ್ನೊಂದು ವರ್ಷ ಹುಡುಕಿದವರು ಅವರು. ಅದನ್ನೇ ಮತ್ತೆ ಮಾಡದ ಹಾಗೆ ನಡೆಸೋದು ಅವರಿಗೇ ಗೊತ್ತಿರೋದು.” ಹೇಳಿ, ಹಯಾತ್‌ಬಿಯ ಹೆಸರಿಗೆ ತಮ್ಮ ಮಣೆ ನೆಟ್ಟಗಿಟ್ಟು ಕೂತರು. ಅವರದೇ ಮೊದಲ ಮಣೆ. ನನ್ನದು ಎರಡನೆಯದು. ಇಪ್ಪತ್ತೈದಾದವು.

ಹಯಾತ್‌ಬಿ ಸೆರಗು ಬಿಗಿದು ಕೆಂಪು ಮೆಟ್ಟಿಲ ಕಡೆ ನಡೆದಳು. ಹೊಸ ದನಿಯವರು ಮೊದಲ ಸಲ ನಿಂತಾಗ ಊರಿಗೆಲ್ಲ ನಮಸ್ಕಾರ ಹೇಳಿ, ಹಿರಿಯರನ್ನು ನೆನೆಯುವುದು ವಾಡಿಕೆ. ಅವಳು ಅದೊಂದನ್ನೂ ಮಾಡಲಿಲ್ಲ. “ಈರಕ್ಕನ್ನ ಒಳಗೆ ಬಿಡು ರುದ್ರ” ಅಂದಳು. ಊರಿಗೆ ಊರೇ ಎದೆ ಹಿಡಿದುಕೊಂಡು, ಯಾರಪ್ಪ ಈ ಈರಕ್ಕ ಅಂದುಕೊಂಡಿತು. ಆ ಮಾತು ಬಂದಾಗ ತನಗೆ ಬಳೆ ತೊಡಿಸುವಾಗ ‘ಕೈ ಸಡಿಲ ಬಿಡು ಮಗಾ’ ಅನ್ನುವ ಹಯಾತ್‌ಬಿ ಪಕ್ಕದಲ್ಲೇ ಕೂತ ಹಾಗಾಯಿತು, ಧೈರ್ಯ ಬಂತು ಅಂತ ಮುದ್ದಮ್ಮ ಆಮೇಲೆ ಹೇಳಿದಳು.

ಕೂಸು ಕಾಲು ಮುಂದಾಗಿ ಇಳಿಯುತ್ತಿತ್ತಂತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ತಾಯಿ ಮಗು ಇಬ್ಬರೂ ದಕ್ಕುತ್ತಿರಲಿಲ್ಲ ಅಂದಳು ಈರಕ್ಕ. ದಕ್ಕಿದರು. ಹೆಣ್ಣು ಕೂಸು. ಸಂಜೆಯ ಹೊತ್ತಿಗೆ ಬೇಲಿ ತೆಗೆದರು. ಜ್ವರ ಇದ್ದ ಮನೆಗಳನ್ನು ಮಾತ್ರ ಬೇರೆ ಮಾಡಿದರು, ಅದೂ ಎಲ್ಲ ಬೀದಿಗಳಲ್ಲಿ, ಕಚೇರಿ ಬೀದಿಯಲ್ಲೂ. ಬಟ್ಟೆ ಕುದಿಸಿಯೇ ಒಗೆಯಲಿ, ಅದಕ್ಕೆ ದೊಡ್ಡ ಹಂಡೆ, ಸೌದೆ ಊರೇ ಕೊಡಲಿ ಅಂತ ಮಾರನೇ ದಿನ ದನಿ ಬಂತು. ಮಳೆಗಾಲ ಹಿಡಿಯುವ ಮುಂಚೆ ಜ್ವರ ಇಳಿಯಿತು.

ಹಂಡೆಯೇನೋ ಬೇಗ ಬಂತು, ಸೌದೆ ಬರಲಿಲ್ಲ. ಮುಂದಿನ ಸಭೆಯಲ್ಲಿ ಮೊದಲು ಎದ್ದವರು ಮೇಷ್ಟ್ರು. “ಮಡಿವಾಳರ ಬೀದಿಗೆ ಕೊಡ್ತೀನಿ ಅಂದ ಸೌದೆ ಎಲ್ಲಿ ಅಂತ ದನಿಯವರು ಹೇಳಬೇಕು” ಅಂದರು. ಹಯಾತ್‌ಬಿಗೆ ರೇಗಿತು. “ಒಂದು ವಾರ ಆಗಿಲ್ಲ, ಆಗ್ಲೇ ಸುರು ಹಚ್ಕೊಂಡ್ರಾ ಮೇಷ್ಟ್ರೇ?” ಅಂದಳು. “ನಿಮ್ಮಿಂದಲೇ ಕಲಿತದ್ದು” ಅಂದರು ಅವರು. ಸೌದೆ ಎರಡೇ ದಿನದಲ್ಲಿ ಬಂತು.

ಜಮಖಾನವನ್ನು ನಾನೇ ಒಗೆದೆ, ಮೂರು ಹಂಡೆ ನೀರು ಕಪ್ಪಗಾಯಿತು. ಈಗ ಅದು ನಮ್ಮ ಬೀದಿಯಲ್ಲಿ ಬಟ್ಟೆ ಮಡಿಸುವ ಜಗಲಿಗೆ ಹಾಸು. ಮಣೆಗಳನ್ನು ಮತ್ತೆ ಎಲ್ಲರೂ ಮನೆಯಿಂದಲೇ ಹೊರುತ್ತಾರೆ. ಬೆನ್ನು ನೋಯುತ್ತದೆ ಅಂತ ಗೊಣಗುತ್ತಾರೆ, ನನ್ನನ್ನು ಕಂಡರೆ ಸುಮ್ಮನಾಗುತ್ತಾರೆ. ನನ್ನ ಮಣೆ ಈಗ ಅಡುಗೆಮನೆಯಲ್ಲಿ ಇರುತ್ತದೆ. ಮೊಮ್ಮಗಳು ಅದರ ಮೇಲೆ ಕೂತೇ ಮೊದಲ ತುತ್ತು ಉಂಡಳು. ಸಭೆಗೆ ಹೊರಡುವ ಮುಂಚೆ ನಾನು ಅನ್ನದ ಅಗುಳನ್ನು ಉಗುರಲ್ಲಿ ಕೆರೆದು ತೆಗೆಯಬೇಕು.

ಸಭೆಯ ದಿನ ಬೆಳಗ್ಗೆ ಮೇಷ್ಟ್ರು ತಮ್ಮ ಮಣೆ ಕಂಕುಳಲ್ಲಿಟ್ಟುಕೊಂಡು ನಮ್ಮ ಬೀದಿಯ ಮೇಲೆಯೇ ಬರುತ್ತಾರೆ. ಅವರಿಗೆ ಅದು ಸುತ್ತು ದಾರಿ. ಅಂಗಳದಲ್ಲಿ ನಿಂತು “ಹೊರಟೆಯಾ ತಾಯಮ್ಮ?” ಅನ್ನುತ್ತಾರೆ. ಹನ್ನೊಂದು ವರ್ಷ ಊರಿನ ಎದೆಯಲ್ಲೆಲ್ಲ ತುಂಬಿದ್ದ ದನಿ ಈಗ ನಮ್ಮ ಹೊಸಿಲನ್ನೂ ದಾಟುವುದಿಲ್ಲ. ಕೇಳಬೇಕಾದರೆ ಬಾಗಿಲಿಗೆ ಹೋಗಬೇಕು. ನಾನು ಹೋಗಿ, ಮೊಮ್ಮಗಳನ್ನು ಎತ್ತಿಕೊಂಡು, ಆ ಹೊತ್ತಿಗಿಂತ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತೇನೆ.